ಮಹಾಗಾಂವದಲ್ಲಿ ಇಳಿಯದ ಪ್ರಯಾಣಿಕ

ಪಕ್ಕದ ಸೀಟಿನ ಹಿರಿಯರು ಮಹಾಗಾಂವಕ್ಕೆ ಟಿಕೆಟ್ ಕೇಳಿದರೆ ನಮ್ಮ ಕಾಕಾ ನಡುವೆ ಬಾಯಿ ಹಾಕಿ, "ಇವರಿಗೂ ಕಲಬುರಗೀದೇ ಕೊಡ್ರಿ" ಎಂದುಬಿಟ್ಟರು. ನನಗೆ ಮುಜುಗರವಾಯಿತು. ಕಮಲಾಪುರದಲ್ಲಿ ನಮ್ಮೊಂದಿಗೆ ಬಸ್ಸು ಹತ್ತಿದ ಆ ಅಪರಿಚಿತರು ಮಾತಿನ ನಡುವೆ, ಮೂತ್ರ ಕೆಂಪಗೆ ಹೋಗುತ್ತಿದೆ, ನೋವೇನಿಲ್ಲ, ಉಷ್ಣವಿರಬೇಕು ಎಂದಿದ್ದರು, ಅಷ್ಟೆ.

ಕೊರೊನಾ ಕಾಲದಲ್ಲಿ ಕಾಕಾಗೂ ಹೀಗೇ ಆಗಿತ್ತು. ದಿನಕ್ಕೆ ಮೂರು ಸಲ ಕುಡಿಯುತ್ತಿದ್ದ ಮೆಣಸಿನ ಕಷಾಯದ ಉಷ್ಣವೆಂದು ಅದನ್ನು ಬಿಟ್ಟರು. ರಕ್ತವೂ ನಿಂತಿತು. ಆಸ್ಪತ್ರೆಗೆ ಹೋದರೆ ಸೋಂಕು ತಗಲುತ್ತದೆಂದು ಹೆದರಿದ್ದ ನಮಗೆಲ್ಲ ಅದೇ ಸಮಾಧಾನ. ಏಳು ತಿಂಗಳ ಮೇಲೆ ಮತ್ತೆ ಕಾಣಿಸಿಕೊಂಡಾಗ ಗೊತ್ತಾಯಿತು, ಮೂತ್ರಕೋಶದ ಕ್ಯಾನ್ಸರ್. ಗಡ್ಡೆ ತೆಗೆದು, ವಾರವಾರ ಮೂತ್ರಕೋಶದೊಳಗೆ ಔಷಧಿ ಬಿಟ್ಟು ವೈದ್ಯರು ಉಳಿಸಿಕೊಟ್ಟರು. ಅಂದು ನಾವು ಕಲಬುರಗಿಗೆ ಹೊರಟದ್ದೂ ಕಾಕಾನ ತಪಾಸಣೆಗೇ.

"ತಾನಾಗೇ ನಿಂತ್ರೂ ನಂಬಬ್ಯಾಡ್ರಿ. ನಾ ನಂಬಿ ಏಳು ತಿಂಗಳಾ ಕಳಕೊಂಡೀನಿ," ಎಂದರು ಕಾಕಾ. ಆ ಹಿರಿಯರು ಮಹಾಗಾಂವ ಬಂದಾಗ ಕಿಟಕಿಯಾಚೆ ಒಮ್ಮೆ ನೋಡಿದರು, ಆದರೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಕಾಕಾ ತಮ್ಮ ಸರದಿಯನ್ನೇ ಅವರಿಗೆ ಬಿಟ್ಟುಕೊಟ್ಟರು.

ಅವರಿಗೂ ಗಡ್ಡೆಯೇ ಇತ್ತು, ಆದರೆ ತೀರಾ ಚಿಕ್ಕದು, ತೆಗೆದಾಯಿತು. ಈಗ ಅವರ ತಪಾಸಣೆಗೆ ಕಾಕಾ ಹೋಗುತ್ತಾರೆ, ಕಾಕಾನ ತಪಾಸಣೆಗೆ ಅವರು ಬರುತ್ತಾರೆ. ಜೊತೆಗೆ ನಾನು ಬೇಕಿಲ್ಲವಂತೆ.