ಮುನೀರಕ್ಕನ ಧೂಪ

ನನ್ನ ಅಕ್ಕ ಮುನೀರಾಳ ಮನೆಗೆ ಹೋಗಿಬಂದವರು ಎಲ್ಲಿಗೆ ಹೋಗಿದ್ದೆವೆಂದು ಹೆಂಡತಿಗೆ ಸುಳ್ಳು ಹೇಳುವಂತಿರಲಿಲ್ಲ. ಅಂಗಿಗೆ ಹತ್ತಿದ ಧೂಪವೇ ಹೇಳಿಬಿಡುತ್ತಿತ್ತು. ನಮ್ಮ ಇಡೀ ಜಹ್ರಾ ಊರಿನಲ್ಲಿ ಅಂಥ ಅಗರುಧೂಪ ಇನ್ನೊಂದಿಲ್ಲ.

ಆ ಬೇಸಗೆಯಲ್ಲಿ ಅವಳ ಮಗಳು ಲೂಲ್ವಾ ಬಾಣಂತನಕ್ಕೆ ಬಂದಳು. ಹೊರಗೆ ಐವತ್ತು ಡಿಗ್ರಿ. ಬಾಣಂತಿಗೆ ಗಾಳಿ ಸೋಕಬಾರದೆಂದು ಅಕ್ಕ ಕಿಟಕಿಯ ಸಂದುಗಳಿಗೆಲ್ಲ ಟೇಪು ಹಚ್ಚಿ, ಬಾಗಿಲ ಬುಡಕ್ಕೆ ಕಂಬಳಿ ತುರುಕಿದಳು. ಏಸಿ ಹಗಲೂ ರಾತ್ರಿ ಓಡುತ್ತಿತ್ತು. ಪರಿಮಳ ಮೂಲೆಮೂಲೆಗೂ ಹರಡಲೆಂದು ಅದರ ಕೆಳಗೇ ಇದ್ದಿಲ ಕೆಂಡ ತುಂಬಿದ ಧೂಪದ ಬಟ್ಟಲು. ನೋಡಲು ಬಂದವರ ಕಣ್ಣು ಕೂಸಿಗೆ ತಾಗಬಾರದಲ್ಲ!

ಕೂಸನ್ನು ನೋಡುವ ನೆಪದಲ್ಲಿ ನಾನೂ ದಿನಾ ಹೋಗಿ ತಣ್ಣಗೆ ಕೂತು ಖರ್ಜೂರ ತಿನ್ನುತ್ತಿದ್ದೆ.

"ಮಾಮಾ, ತಲೆ ಸಿಡೀತಿದೆ," ಎಂದಳು ಲೂಲ್ವಾ ಒಂದು ದಿನ.

"ಎದುರುಮನೆ ಫೌಜಿಯಾ ಬಂದುಹೋದಳಲ್ಲ, ಅವಳ ಕಣ್ಣು ಬಂಡೆ ಸೀಳತ್ತೆ," ಎಂದ ಅಕ್ಕ ಇನ್ನೊಂದು ಕೆಂಡ ಹಾಕಿ ನನ್ನತ್ತ ತಿರುಗಿದಳು. "ನಿನ್ನ ಕಣ್ಣೂ ಕಮ್ಮಿ ಇಲ್ಲ ಬಿಡು. ತಟ್ಟೆ ನೋಡು, ಖಾಲಿ!"

ಮರುದಿನ ಕೋಣೆಯ ಪಂಜರದಲ್ಲಿದ್ದ ಬುಲ್‌ಬುಲ್ ಸತ್ತುಬಿದ್ದಿತ್ತು.

"ಕೂಸಿಗೆ ಬರೋದನ್ನ ತಾನು ತಗೊಂಡ್ತು, ಪಾಪ," ಎಂದಳು ಅಕ್ಕ. ಅಂದಿನಿಂದ ಬಟ್ಟಲು ಎರಡಾದವು.

ನನ್ನ ತಲೆಯೂ ಭಾರವಾಗತೊಡಗಿತು. ಏಸಿಯ ಶೀತವಿರಬೇಕೆಂದು ತಲೆಗೆ ಶಾಲು ಸುತ್ತಿಕೊಂಡು ಮತ್ತೂ ಖರ್ಜೂರ ತಿಂದೆ. ಲೂಲ್ವಾ ಊಟ ಕಕ್ಕಿದಳು. ನೆಂಟರೆಲ್ಲ ಕೂಸನ್ನು ಹೊಗಳಿದ್ದೇ ಹೊಗಳಿದ್ದು: "ಎಂಥ ಸಾಧು! ಅಳೋದೇ ಇಲ್ಲ ನೋಡಿ."

ಒಂದು ಮಧ್ಯಾಹ್ನ ಲೂಲ್ವಾ ತಡವರಿಸುತ್ತ ಹೇಳಿದಳು: "ಅಂಗಳಕ್ಕೆ ಹೋದ್ರೆ ತಲೆನೋವು ಹೋಗತ್ತೆ ಮಾಮಾ. ಒಳಗೆ ಬಂದ್ರೆ ಮತ್ತೆ ಶುರು."

ನನಗೂ ಹಾಗೇ ಆಗುತ್ತಿತ್ತು. ತಲೆಗೆ ಸುತ್ತಿದ್ದ ಶಾಲು ಬಿಚ್ಚಿ ಏಸಿಯತ್ತ ನೋಡಿದೆ.

"ಅಕ್ಕಾ, ಈ ಏಸಿ ಹೊರಗಿನ ಗಾಳಿ ತರತ್ತಾ?"

"ಮತ್ತೆ? ಆ ದೊಡ್ಡ ಪೆಟ್ಟಿಗೆ ಗೋಡೆ ಆಚೆ ಯಾಕಿದೆ, ಅಲಂಕಾರಕ್ಕಾ?"

"ಒಳಗಿನ ಗಾಳೀನೇ ತಿರುಗಿಸಿ ತಿರುಗಿಸಿ ತಣ್ಣಗೆ ಮಾಡತ್ತೆ ಅಷ್ಟೆ. ಚಳಿಗಾಲದಲ್ಲಿ ಮರಳುಗಾಡಿಗೆ ಹೋದಾಗ 'ಮಲಗೋ ಮುಂಚೆ ಕೆಂಡ ಡೇರೆ ಆಚೆಗಿಡೋ, ಕತ್ತೆ, ಉಸಿರುಗಟ್ಟಿ ಸಾಯ್ತೀಯ' ಅಂತ ನನ್ನ ಬೈಯೋಳು ಯಾರು?"

ಅಕ್ಕ ಬಟ್ಟಲುಗಳನ್ನು ನೋಡಿದಳು. ಖಾಲಿ ಪಂಜರ ನೋಡಿದಳು. ಕೂಸಿನ ಕೆನ್ನೆ ತಟ್ಟಿದಳು. ಅದು ಕಣ್ಣು ತೆರೆಯಲಿಲ್ಲ. ಅದನ್ನೆತ್ತಿಕೊಂಡು ಕಾದ ಅಂಗಳಕ್ಕೆ ಬರಿಗಾಲಲ್ಲಿ ಓಡಿದಳು. ನಾನು ಲೂಲ್ವಾಳನ್ನು ಹೊರಗೆಳೆದು ತಂದು ಆಂಬುಲೆನ್ಸಿಗೆ ಫೋನು ಮಾಡಿದೆ.

ಆಸ್ಪತ್ರೆಯಲ್ಲಿ ತಾಯಿ, ಮಗು ಇಬ್ಬರಿಗೂ ಆಮ್ಲಜನಕ ಕೊಟ್ಟರು. ಕೆಂಡದ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಸಂಜೆಯ ಹೊತ್ತಿಗೆ ಕೂಸು ಕಿಟಾರನೆ ಕಿರುಚಿತು. ನರ್ಸು ಸಮಾಧಾನ ಮಾಡಲು ಬಂದರೆ ಅಕ್ಕ, "ಅಳಲಿ ಬಿಡಮ್ಮಾ, ಅಳಲಿ," ಎಂದು ತಾನೂ ಅತ್ತಳು.

ಈಗ ಅಕ್ಕನ ಕಿಟಕಿ ಬೆರಳಗಲ ತೆರೆದೇ ಇರುತ್ತದೆ. ಧೂಪ ಅಂಗಳದಲ್ಲಿ. ಫೌಜಿಯಾಳ ಮಗಳೂ ಬಾಣಂತನಕ್ಕೆ ಬಂದಿದ್ದಾಳೆಂದು ತಿಳಿದು, ಎಚ್ಚರಿಸಲು ನಿನ್ನೆ ಅಲ್ಲಿಗೆ ಹೋಗಿದ್ದಳು. ಅವಳು ಹೊಸಿಲು ದಾಟಿ ಹೊರಗೆ ಬರುವಷ್ಟರಲ್ಲಿ ಒಳಗಿಂದ ಫೌಜಿಯಾಳ ದನಿ ಕೇಳಿಸಿತಂತೆ:

"ಕಣ್ಣು ಹಾಕೋಕೇ ಬಂದಿದ್ಲು ಕಣೇ. ಇನ್ನೆರಡು ಕೆಂಡ ಹಾಕು."