ಜಾಡಿಗೆ ಕಟ್ಟಿದ ಕಪ್ಪು ದಾರ

ಸವಿತಾ, ನಿನ್ನ ಮೇಲೆ ನಿನ್ನ ಗಂಡನಿಗೆ ಚಾಡಿ ಹೇಳಿದವಳು ನಾನೇ. ನೀನು ಬಸುರಿಯಾಗಿದ್ದಾಗ ಕದ್ದು ಕುಡಿಯುತ್ತೀಯ ಅನ್ನೋ ಮಾತು ಪ್ರಸಾದನ ತಲೆಯಲ್ಲಿ ಹುಟ್ಟಿದ್ದಲ್ಲ — ಅವನ ತಾಯಿ ನಾನು ತುಂಬಿದ್ದು.

ನಾನು ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದು. ಮೊಮ್ಮಗಳು ಮಗ್ಗುಲಲ್ಲಿ ಮಲಗಿದ್ದಾಳೆ. ಆ ಪುಟ್ಟ ಮುಷ್ಟಿ ನೋಡಿದರೆ ಸಂತೋಷ ಎದೆಯಲ್ಲಿ ಹಿಡಿಯುವುದಿಲ್ಲ — ಅದು ಉಕ್ಕುವಾಗ ನಾನು ಮಾಡಿದ ಈ ತಪ್ಪೂ ಜೊತೆಗೇ ಉಕ್ಕಿ ಬರುತ್ತದೆ.

ಈ ನ್ಯೂಜಿಲೆಂಡಿನಲ್ಲಿ ಜನವರಿ ಅಂದರೆ ಬೇಸಿಗೆ; ನಮ್ಮ ಅಪ್ಪರ್ ಹಟ್ ಮನೆ ಹಿತ್ತಲಿನ ಬ್ಲ್ಯಾಕ್‌ಕರಂಟ್ ಗಿಡದ ತುಂಬಾ ಹಣ್ಣು. ನೀನು ಹಣ್ಣು, ಸಕ್ಕರೆ, ಬ್ರಾಂದಿ ಜಾಡಿಗೆ ಹಾಕಿ, "ಹೆರಿಗೆ ಮಾಡಿಸೋ ಮಿಡ್‌ವೈಫ್‌ಗೆ ಉಡುಗೊರೆ ಅತ್ತೆ, ಆ ಹೊತ್ತಿಗೆ ಲಿಕ್ಯೂರ್, ಅಂದ್ರೆ ಸಿಹಿ ಮದ್ಯ ಆಗಿರುತ್ತೆ" ಅಂತ ಹೇಳಿ ಅಡುಗೆಮನೆ ಬೀರುವಿನಲ್ಲಿಟ್ಟೆ. ನಾನು ನಂಬಲಿಲ್ಲ. ದಿನಾ ಆ ಬೀರು ಯಾಕೆ ತೆಗೆಯುತ್ತಾಳೆ? ಜಾಡಿ ಅಲ್ಲಾಡಿಸೋಕಂತೆ — ನಾನು ಬಂದ ತಕ್ಷಣ ಬೀರು ಮುಚ್ಚೋದು ಯಾಕೆ, ಅಂದುಕೊಂಡೆ. ನಿನ್ನ ಲೋಟ ಮೂಸಿದೆ. ಹಣ್ಣಿದ್ದ ಮಟ್ಟಕ್ಕೆ ಸರಿಯಾಗಿ ಜಾಡಿಗೊಂದು ಕಪ್ಪು ದಾರ ಕಟ್ಟಿ, ದೃಷ್ಟಿಗೆ ಅಂದೆ. "ಜಾಡಿಗೂ ದೃಷ್ಟಿಯಾ ಅತ್ತೆ?" ಅಂತ ನೀನು ನಕ್ಕೆ.

ಎರಡು ವಾರಕ್ಕೆ ಹಣ್ಣು ದಾರಕ್ಕಿಂತ ಮೂರು ಬೆರಳು ಕೆಳಗೆ.

"ಹೊಟ್ಟೇಲಿ ಮಗು ಇಟ್ಕೊಂಡು ನಿನ್ನ ಹೆಂಡ್ತಿ ಕುಡೀತಾಳೆ ಕಣೋ" — ಅಂದುಬಿಟ್ಟೆ. ಅವನು ನಿನ್ನನ್ನು ಕೇಳಿದ. ನನ್ನ ಹೆಸರು ಎತ್ತಲಿಲ್ಲ. ನೀನು ಜಾಡಿಯಲ್ಲಿದ್ದದ್ದೆಲ್ಲವನ್ನೂ ಸಿಂಕಿಗೆ ಸುರಿದೆ. ನಾನು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದೆ. ಆಮೇಲೆ ಸ್ಕ್ಯಾನಿಗೂ ನೀನು ಒಬ್ಬಳೇ ಹೋದೆ. ಇವತ್ತಿಗೂ ಅವನ ಹತ್ತಿರ ನಿನ್ನದು ಎಷ್ಟು ಬೇಕೋ ಅಷ್ಟೇ ಮಾತು.

ಮೊನ್ನೆ ಅದೇ ಜಾಡಿಯಲ್ಲಿ ನಾನು ಹಾಕಿದ್ದ ನಿಂಬೆ ಉಪ್ಪಿನಕಾಯಿಯ ಮಟ್ಟ ಇಳಿದಿತ್ತು. "ಅತ್ತೆ, ಕದ್ದೋರು ಯಾರು? ನನಗೆ ಪಾಪು ಮೇಲೆ ಅನುಮಾನ" ಅಂತ ನೀನು ತಮಾಷೆ ಮಾಡಿದೆ. ನಾನು ನಗಲಿಲ್ಲ — ನೀನು ಗಮನಿಸಿರಬಹುದು.

ಉಪ್ಪು ಕರಗಿದರೆ ಕಾಯಿ ಕುಗ್ಗುತ್ತೆ, ಸಕ್ಕರೆ ಕರಗಿದರೆ ಹಣ್ಣು ಕುಗ್ಗುತ್ತೆ. ನಲವತ್ತು ವರ್ಷ ಉಪ್ಪಿನಕಾಯಿ ಹಾಕಿದವಳು ನಾನು, ಗೊತ್ತಿರಲಿಲ್ಲ ಅನ್ನಲಾರೆ. ಗೊತ್ತಿತ್ತು — ನಿನ್ನ ಜಾಡಿ ನೋಡುವಾಗ ಮಾತ್ರ ಅದು ನೆನಪಾಗದಂತೆ ನೋಡಿಕೊಂಡೆ.

ಪಾಪುವಿನ ಕೈಯಲ್ಲಿರುವುದೂ ಅದೇ ಉಂಡೆಯ ದಾರ. ನೀನು ನಂಬಿ ಅವಳ ಕೈ ನೀಡಿದೆ, ನಾನು ಕಟ್ಟಿದೆ.

ಸಂಜೆ ಪ್ರಸಾದ ಬಂದ ಮೇಲೆ ಇಬ್ಬರೆದುರೂ ಬಾಯಿಬಿಟ್ಟು ಹೇಳುತ್ತೇನೆ. ಅವನ ಮೇಲಿಟ್ಟುಕೊಂಡಿರೋ ಕೋಪ ನನಗೆ ಸೇರಬೇಕಾದ್ದು, ನನಗೇ ಕೊಡು. ಪಾಪುವನ್ನು ನನ್ನ ಕೈಗೆ ಮತ್ತೆ ಕೊಡಬೇಕೋ ಬೇಡವೋ — ಅದನ್ನು ನಾನು ಕೇಳುವುದಿಲ್ಲ, ನಿನಗೇ ಬಿಟ್ಟದ್ದು.