ಮೆಗಾಬ್ಲಾಕ್ ದಿನದ ವಾಕ್‌ಓವರ್

ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವರ ಕತೆ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಲಿ.

ನಾನು ಮುಂಬಯಿ ಪಕ್ಕದ ಡೊಂಬಿವಲಿಯ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್. ಟಿವಿಯಲ್ಲಿ ಕಾಣುವ ಕೋಟು ಹಾಕಿದ ಮ್ಯಾನೇಜರ್ ಅಲ್ಲ. ವಾರವಿಡೀ ಠಾಣೆ ಊರಿನ ಆಫೀಸಿನಲ್ಲಿ ಕೂತು, ಭಾನುವಾರ ಚೆಂಡಿನ ಚೀಲ ಹೊತ್ತು, ಒಬ್ಬೊಬ್ಬರಿಗೂ ಫೋನ್ ಮಾಡಿ ಎಬ್ಬಿಸಿ ಲೋಕಲ್ ಹತ್ತಿಸುವವನು. ನಮ್ಮ ಆಟಗಾರರು ಹೋಟೆಲಿನವರು, ಕೊರಿಯರ್‌ನವರು, ಒಬ್ಬಿಬ್ಬರು ಬ್ಯಾಂಕಿನವರು. ಕ್ಯಾಪ್ಟನ್ ಉಡುಪಿ ಕಡೆಯವನು, ಕಲ್ಯಾಣದ ಹೋಟೆಲಿನಲ್ಲಿ ಕ್ಯಾಶಿಯರ್. ಡಿಫೆನ್ಸಿನಲ್ಲಿ ಅವನು ನಿಂತರೆ ಎದುರಿನವರಿಗೆ ಗೋಡೆಯೇ ನಿಂತಂತೆ.

ಜಿಲ್ಲೆಯ ಲೀಗಿನಲ್ಲಿ ಮೂರು ಡಿವಿಜನ್. ಸೆಕೆಂಡ್ ಡಿವಿಜನ್ ಎಂದರೆ ಗೋಲ್‌ಪೋಸ್ಟಿಗೆ ಬಲೆ ಇರುತ್ತದೆ, ಇಬ್ಬರು ಲೈನ್ಸ್‌ಮನ್ ಇರುತ್ತಾರೆ. ಥರ್ಡ್ ಡಿವಿಜನ್ ಎಂದರೆ ಅದೇ ಮೈದಾನದ ಅರ್ಧದಲ್ಲಿ ಯಾರೋ ಕ್ರಿಕೆಟ್ ಆಡುತ್ತಿರುತ್ತಾರೆ, ಅವರ ಚೆಂಡು ನಮ್ಮ ಪೆನಾಲ್ಟಿ ಬಾಕ್ಸಿಗೆ ಬರುತ್ತದೆ. ಹಲವು ವರ್ಷ ಒದ್ದಾಡಿ ನಾವು ಸೆಕೆಂಡಿಗೆ ಏರಿದ್ದೆವು. ಉಳಿದುಕೊಳ್ಳಲು ಆಟ ಗೆದ್ದರಷ್ಟೇ ಸಾಲದು, ಮೈದಾನ ಮುಟ್ಟಲೂ ಬೇಕು. ನಿಗದಿತ ಸಮಯ ಕಳೆದು ಹದಿನೈದು ನಿಮಿಷದೊಳಗೆ ಏಳು ಜನ ಬೂಟು ಕಟ್ಟಿ ನಿಲ್ಲದಿದ್ದರೆ ಎದುರಿನ ತಂಡಕ್ಕೆ ವಾಕ್‌ಓವರ್. ಒಂದೇ ಸೀಸನ್ನಿನಲ್ಲಿ ಹೀಗೆ ಎರಡು ಸಲ ಆದರೆ ನೇರ ಕೆಳಗಿನ ಡಿವಿಜನ್ನಿಗೆ.

ಒಂದು ಸಲ ಆಗಲೇ ಆಗಿತ್ತು, ಗಣೇಶ ಚತುರ್ಥಿಯ ಹೊತ್ತಿಗೆ ಹೋಟೆಲಿನವರಿಗೆ ರಜೆ ಸಿಗದೆ. ಎರಡನೆಯದು ನವಿಮುಂಬಯಿಯ ಕ್ಲಬ್ಬಿನೊಂದಿಗೆ, ಅವರದೇ ಮೈದಾನದಲ್ಲಿ. ಆ ಕ್ಲಬ್ಬಿನ ಮ್ಯಾನೇಜರ್ ನಮ್ಮ ಕರಾವಳಿಯವನೇ, ಕಂಪನಿಗಳಿಗೆ ಕ್ಯಾಂಟೀನ್ ನಡೆಸುವವನು. ಸಿಕ್ಕಾಗಲೆಲ್ಲ ತುಳುವಿನಲ್ಲಿ ಮಾತಾಡಿ, ಬೂತಾಯಿ ಮೀನು ಎಲ್ಲಿ ತಾಜಾ ಸಿಗುತ್ತದೆ ಎಂದು ಹೆಗಲ ಮೇಲೆ ಕೈ ಹಾಕಿ ಹೇಳುವಂಥವನು.

ಆ ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ಗಾಡಿಗಳನ್ನು ತಡೆಯುವ ದಿನ. ನಮ್ಮ ಗಾಡಿ ದಿವಾ ಸ್ಟೇಷನ್ ದಾಟಿ ನಿಂತಿತು. ನಾನು ಅವನಿಗೆ ಫೋನ್ ಮಾಡಿದೆ. "ಬಲೆ ಮಾರಾಯ್ರೆ, ದಾಲ ಅವಸರ ಇಜ್ಜಿ," ಎಂದ. ನಿಧಾನವಾಗಿ ಬನ್ನಿ, ನಾವೆಲ್ಲಿಗೆ ಹೋಗುತ್ತೇವೆ ಎಂದು ನಕ್ಕ. ಕಾಯುವುದಿಲ್ಲ ಎಂದಿದ್ದರೆ ಠಾಣೆಯಲ್ಲಿಳಿದು ಟ್ಯಾಕ್ಸಿ ಹಿಡಿಯುತ್ತಿದ್ದೆವು. ಅವನ ಮಾತು ನಂಬಿ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ವಡಾಪಾವ್ ತಿನ್ನುತ್ತ ನವಿಮುಂಬಯಿಗೆ ಹೋಗುವ ಟ್ರಾನ್ಸ್ ಹಾರ್ಬರ್ ಗಾಡಿಗೆ ಕಾದೆವು.

ಮೈದಾನ ಮುಟ್ಟಿದಾಗ ನಮ್ಮ ಆಟಗಾರರು ಆರೇ ಜನ ಇದ್ದರು, ಇನ್ನೆರಡು ನಿಮಿಷ ಉಳಿದಿತ್ತು. ಕ್ಯಾಪ್ಟನ್ ಕೌಂಟರ್ ಬಿಟ್ಟು ಹಿಂದಿನ ಗಾಡಿಯಲ್ಲಿ ಬರುತ್ತಿದ್ದ. ಆ ಎರಡು ನಿಮಿಷ ಕಳೆದದ್ದೇ ಅದೇ ಮನುಷ್ಯ, ನನ್ನ ಕಡೆ ತಿರುಗಿಯೂ ನೋಡದೆ, ರೆಫರಿಗೆ ಕೈಗಡಿಯಾರ ತೋರಿಸಿ ಮರಾಠಿಯಲ್ಲಿ, "ಸರ್, ಪಂಧರಾ ಮಿನಿಟ ಝಾಲೀ," ಹದಿನೈದು ನಿಮಿಷ ಆಯಿತು ಎಂದ. ರೆಫರಿ ಸೀಟಿ ಊದಿದ. ಕ್ಯಾಪ್ಟನ್ ಗೇಟಿನ ಒಳಗೆ ಬೂಟು ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದ. ಅವನೇ ಏಳನೆಯವನು.

"ರೂಲ್ ಅಂದ್ರೆ ರೂಲ್ ಅಲ್ವಾ ಮಾರಾಯ್ರೆ," ಎಂದು ಆಮೇಲೆ ಬಂದು ನನ್ನ ಬೆನ್ನು ತಟ್ಟಿದ. ಆ ಕೈಯನ್ನು ಅಲ್ಲೇ ಮುರಿದು ಹಾಕಬೇಕೆನಿಸಿತು. ನಾವು ಕೆಳಗಿಳಿದೆವು. ವಾಪಸು ಬರುವಾಗ ಕ್ಯಾಪ್ಟನ್ ಕಿಟಕಿಯ ಪಕ್ಕ ಕೂತು ಡೊಂಬಿವಲಿಯವರೆಗೂ ಬೂಟಿನ ಲೇಸು ಕಟ್ಟುತ್ತ ಬಿಚ್ಚುತ್ತ ಇದ್ದ. ಇವನ ಸಲುವಾಗಿ ಆ ನವಿಮುಂಬಯಿಯವನಿಗೆ ಬುದ್ಧಿ ಕಲಿಸದೆ ಬಿಡುವುದಿಲ್ಲ ಎಂದು ನಾನು ಅಂದೇ ಹಲ್ಲು ಕಡಿದೆ.

ಲೀಗಿನಲ್ಲಿ ಆಟಗಳ ದಿನ, ಸಮಯ, ಮೈದಾನ ಗೊತ್ತುಮಾಡುವ ಫಿಕ್ಸ್ಚರ್ ಕಮಿಟಿ ಎಂಬುದೊಂದಿದೆ. ಯಾರಿಗೂ ಬೇಡದ ಕೆಲಸ. ಮೈದಾನದವರ ಕಾಲು ಹಿಡಿಯಬೇಕು, ರೆಫರಿಗಳನ್ನು ಹುಡುಕಬೇಕು, ಎಲ್ಲ ಕ್ಲಬ್ಬುಗಳ ಬೈಗುಳ ತಿನ್ನಬೇಕು. ನಾನು ಕೈ ಎತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಆ ನವಿಮುಂಬಯಿಯವನೂ ಸೇರಿ.

ದೊಡ್ಡ ಲೀಗುಗಳಲ್ಲಿ ಇಡೀ ವರ್ಷದ ಪಟ್ಟಿ ಮೊದಲೇ ಸಿದ್ಧವಾಗುತ್ತದಂತೆ. ನಮ್ಮಲ್ಲಿ ಯಾರಿಗೆ ಯಾರು ಎದುರು ಎಂಬುದಷ್ಟೇ ಮೊದಲು ಗೊತ್ತು. ಯಾವ ಮೈದಾನ, ಎಷ್ಟು ಗಂಟೆ ಎಂಬುದು ಶುಕ್ರವಾರ ಸಂಜೆ ವಾಟ್ಸಾಪ್ ಗುಂಪಿಗೆ ಬರುತ್ತದೆ, ಏಕೆಂದರೆ ಮೈದಾನವನ್ನು ಯಾವ ವಾರ ಮದುವೆಗೆ ಕೊಡುತ್ತಾರೆ, ಯಾವ ವಾರ ಭಾಷಣಕ್ಕೆ ಕೊಡುತ್ತಾರೆ ಹೇಳಲಾಗದು. ಮೆಗಾಬ್ಲಾಕಿನ ಸುದ್ದಿಯೂ ಹೆಚ್ಚುಕಡಿಮೆ ಆಗಲೇ ಬರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುತ್ತಿದ್ದವನು ಲೀಗಿನಲ್ಲಿ ನಾನೊಬ್ಬನೇ.

ಎರಡು ಸೀಸನ್ ಹೊಂಚು ಹಾಕಿದೆ. ಎರಡನೆಯದರಲ್ಲಿ ನವಿಮುಂಬಯಿಯವರಿಗೆ ತಮ್ಮದೇ ಸೋಮಾರಿತನದಿಂದ ಒಂದು ವಾಕ್‌ಓವರ್ ಬಿತ್ತು. ಕಲ್ಯಾಣದಾಚೆಯ ಶಹಾಡ್‌ನ ಕಾರ್ಖಾನೆ ಕೆಲಸಗಾರರ ತಂಡದೊಂದಿಗೆ ಅವರದೊಂದು ಆಟ ಬಾಕಿ ಇತ್ತು. 'ಮೈದಾನ ಸಿಕ್ಕಿಲ್ಲ' ಎಂದು ವಾರದಿಂದ ವಾರಕ್ಕೆ ತಳ್ಳಿದೆ. ಕೊನೆಗೊಂದು ಶುಕ್ರವಾರ ಸುದ್ದಿ ಬಂತು: ಟ್ರಾನ್ಸ್ ಹಾರ್ಬರ್ ಬಂದ್, ಠಾಣೆ-ಕಲ್ಯಾಣ್ ನಡುವೆಯೂ ಬ್ಲಾಕ್. ಅದೇ ಕಲ್ಯಾಣದಾಚೆಯ ವಿಠ್ಠಲವಾಡಿ ಮೈದಾನ, ಮಧ್ಯಾಹ್ನ ಹನ್ನೆರಡು ಎಂದು ಟೈಪ್ ಮಾಡಿ ಕಳಿಸಿದೆ. ಅವನೇ ಮೊದಲು ಹೆಬ್ಬೆಟ್ಟಿನ ಗುರುತು ಹಾಕಿದ.

ಆ ಭಾನುವಾರ ಶಹಾಡ್‌ನ ಮ್ಯಾನೇಜರ್ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ನವಿಮುಂಬಯಿಯವನ ಫೋನ್ ಬಂತು. ಠಾಣೆಯಲ್ಲಿ ಸಿಕ್ಕಿಬಿದ್ದಿದ್ದ, ಉಸಿರು ಕಟ್ಟಿದಂತೆ ಮಾತಾಡುತ್ತಿದ್ದ. "ಬಲೆ ಮಾರಾಯ್ರೆ, ದಾಲ ಅವಸರ ಇಜ್ಜಿ," ಎಂದೆ. ಎಷ್ಟು ಮಧುರವಾಗಿ ಹೇಳಿದೆನೆಂದರೆ ನನಗೇ ಆಶ್ಚರ್ಯವಾಯಿತು. ಹನ್ನೆರಡೂ ಹದಿನೈದಕ್ಕೆ ಅವರ ಕಡೆ ಇದ್ದವರು ನಾಲ್ವರು. ಸೀಟಿ ಊದಿದಾಗ ಹೊಟ್ಟೆ ತಣ್ಣಗಾಯಿತು. ಮನೆಗೆ ಹೋಗುವಾಗ ಅರ್ಧ ಕಿಲೋ ಜಿಲೇಬಿ ಒಯ್ದೆ. ಏನು ವಿಶೇಷ ಎಂದು ಹೆಂಡತಿ ಕೇಳಿದಳು. ಫುಟ್‌ಬಾಲ್ ಎಂದೆ.

ಕ್ಯಾಪ್ಟನ್‌ಗೆ ಹೇಳಲಿಲ್ಲ. ಅವನಿಗೆ ಮೂವತ್ತೊಂಬತ್ತು ತುಂಬಿತ್ತು, ಎರಡೂ ಮೊಣಕಾಲಿಗೆ ಪಟ್ಟಿ ಬಿಗಿದು ಆಡುತ್ತಿದ್ದ. "ಒಂದೇ ಒಂದು ಸೀಸನ್ ಮೇಲಿನ ಡಿವಿಜನ್ನಿನಲ್ಲಿ ಆಡಿ ಆಟ ಬಿಡ್ತೇನೆ ಅಣ್ಣ," ಎನ್ನುತ್ತಿದ್ದ. ಥರ್ಡ್ ಡಿವಿಜನ್ನಿನಿಂದ ವರ್ಷಕ್ಕೆ ಒಂದೇ ತಂಡ ಮೇಲೇರುವುದು. ಹಿಂದಿನೆರಡು ಸಲ ನಾವು ಎರಡನೆಯವರು. ನಮ್ಮನ್ನು ಸೋಲಿಸಿದ ತಂಡಗಳೆರಡೂ ಏರಿ ಹೋಗಿದ್ದವು, ಇನ್ನು ದಾರಿ ಖಾಲಿ. ಏರಿದ ದಿನ ಎಲ್ಲರ ಮುಂದೆ ಈ ಸೇಡಿನ ಕತೆ ಹೇಳಿ ಅವನನ್ನು ನಗಿಸಬೇಕೆಂದು ಇಟ್ಟುಕೊಂಡಿದ್ದೆ.

ಹೊಸ ಸೀಸನ್ನಿನ ಪಟ್ಟಿ ಬರೆಯಲು ಕೂತವನೂ ನಾನೇ. ಥರ್ಡ್ ಡಿವಿಜನ್ ಎಂದು ಬರೆದು, ನಮ್ಮ ಹೆಸರು ಬರೆದು, ಅದರ ಕೆಳಗೆ ಮೇಲಿನಿಂದ ಇಳಿದು ಬಂದ ತಂಡದ ಹೆಸರು ಬರೆಯಬೇಕು. ಪೆನ್ನು ಅಲ್ಲಿಗೆ ಬಂದು ನಿಂತಿತು. ಅವರು ಸೋತು ಇಳಿದವರಲ್ಲ. ಆಡಲು ಬಿಟ್ಟರೆ ಸೆಕೆಂಡಿನಲ್ಲಿ ಮೂರನೆಯ ಸ್ಥಾನಕ್ಕೆ ಕಡಿಮೆ ಇಲ್ಲದ ತಂಡ. ಲೀಗು ನಡೆಸುವವನಿಗೆ, ಇಳಿದವರು ಎಲ್ಲಿಗೆ ಇಳಿಯುತ್ತಾರೆ ಎಂಬುದೊಂದು ಹೊಳೆದಿರಲಿಲ್ಲ! ನನ್ನಂಥ ಪೆದ್ದನನ್ನು ನಾನು ಬೇರೆ ಕಂಡಿಲ್ಲ.

ಅವರು ಎಲ್ಲರನ್ನೂ ಸೋಲಿಸುತ್ತ ಬಂದರು. ನಾವೂ ಬಿಡಲಿಲ್ಲ. ಕೊನೆಯ ಭಾನುವಾರ ಅವರೂ ನಾವೂ, ಠಾಣೆಯಲ್ಲಿ. ಡ್ರಾ ಆದರೂ ನಾವು ಮೇಲೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ವಾರವೂ ಟ್ರಾನ್ಸ್ ಹಾರ್ಬರ್ ಬ್ಲಾಕ್ ನೋಡಿಯೇ ಸಮಯ ಹಾಕಿದ್ದೆ. ನಾವು ಹೋಗಿ ನೋಡಿದರೆ ಅವರು ಹದಿನಾರು ಜನ ಆಗಲೇ ಮೈದಾನ ಸುತ್ತುತ್ತಿದ್ದರು. ಗೇಟಿನ ಹೊರಗೆ ಬಾಡಿಗೆ ಬಸ್ಸು ನಿಂತಿತ್ತು. ವಿಠ್ಠಲವಾಡಿಯ ನಂತರ ಅವನು ಲೋಕಲ್ ನಂಬುವುದನ್ನೇ ಬಿಟ್ಟಿದ್ದ.

ನಮಗೆ ಎರಡು ಗೋಲು ಬಿದ್ದವು, ನಾವು ಒಂದನ್ನೂ ಹೊಡೆಯಲಿಲ್ಲ. ಎರಡೂ ಕ್ಯಾಪ್ಟನ್‌ನನ್ನು ದಾಟಿಯೇ ಬಿದ್ದವು. ಎರಡನೆಯದಕ್ಕೆ ಅವನು ತಿರುಗಿ ಓಡಲು ನೋಡಿದ, ಕಾಲು ಬರಲಿಲ್ಲ. ಕೊನೆಯ ಸೀಟಿಯ ಬಳಿಕ ನವಿಮುಂಬಯಿಯವನು ಬಂದು ನನ್ನ ಕೈ ಕುಲುಕಿ, ಬನ್ನಿ ಮಾರಾಯ್ರೆ, ಒಂದು ಚಹಾ ಕುಡಿಯುವ ಎಂದ. ಬೇಡ ಎಂದೆ.

ಕ್ಯಾಪ್ಟನ್ ಗೆರೆಯ ಹೊರಗೆ ಕೂತು ಮೊಣಕಾಲಿನ ಪಟ್ಟಿ ಬಿಚ್ಚುತ್ತಿದ್ದ.

"ಇವರು ಮೇಲಿನ ಡಿವಿಜನ್ನಿನವರಲ್ವಾ ಅಣ್ಣ? ಇಷ್ಟು ಒಳ್ಳೆ ಟೀಮು ಕೆಳಗೆ ಹ್ಯಾಗೆ ಬಂತು?"

ಹೇಳಿದೆ. ದಿವಾದಿಂದ ವಿಠ್ಠಲವಾಡಿಯವರೆಗೆ ಎಲ್ಲವನ್ನೂ ಹೇಳಿದೆ. ನಿನ್ನ ಸಲುವಾಗಿ ಮಾಡಿದೆ ಎಂದೂ ಹೇಳಿದೆ. ಅವನು ಪಟ್ಟಿ ಸುತ್ತುತ್ತ ಕೇಳಿಸಿಕೊಂಡ.

"ನನ್ನನ್ನು ಒಂದು ಮಾತು ಕೇಳ್ಬಹುದಿತ್ತು ಅಣ್ಣ," ಎಂದ. "ನನಗೆ ಅವರ ಮೇಲೆ ಎಂತದೂ ಇರ್ಲಿಲ್ಲ. ಮೇಲೆ ಆಡ್ಬೇಕಿತ್ತು, ಅಷ್ಟೇ."

ಬೂಟು ಚೀಲಕ್ಕೆ ಹಾಕಿಕೊಂಡು ಸ್ಟೇಷನ್ ಕಡೆ ಒಬ್ಬನೇ ನಡೆದ. ಈ ಸೀಸನ್ನಿನ ನೋಂದಣಿ ಫಾರ್ಮನ್ನು ನಾನು ಕಲ್ಯಾಣಕ್ಕೆ ಹೋಗಿ ಅವನ ಕೌಂಟರಿನ ಮೇಲಿಟ್ಟೆ. ಓದದೆ ಹಾಗೇ ತಿರುಗಿಸಿ ಕೊಟ್ಟ.